ಮೇಸ್ತ್ರಿ ಮನೆಯ ಬ್ರೇಕರ್

ಊರಿಗೆಲ್ಲ ಕರೆಂಟು ರಿಪೇರಿ ಮಾಡುವ ಅಪ್ಪ, ಮಗಳು ಇಬ್ಬರಿದ್ದೂ ಆ ಮನೆಯಲ್ಲಿ ಒಂದು ಕೇಕು ನೆಟ್ಟಗೆ ಬೇಯುತ್ತಿರಲಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಹೇಳಿ? ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಅದು ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಿದ್ದವರು ಆ ಶನಿವಾರ ಬೆಳಿಗ್ಗೆ ಅಲ್ಲಿಗೆ ಬರಬೇಕಿತ್ತು.

ಒಂಬತ್ತು ಗಂಟೆಗೆ ಅಮ್ಮನ ಫೋನು. "ಬಾರೇ, ಮತ್ತೆ ಬಿತ್ತು ಬ್ರೇಕರ್. ಕೇಕು ಅರ್ಧ ಬೆಂದು ಕೂತಿದೆ. ನಿಮ್ಮಪ್ಪ ಸ್ಕ್ರೂಡ್ರೈವರ್ ಹಿಡ್ಕೊಂಡು ನನ್ನ ಓವನ್ನೇ ನೋಡ್ತಾ ನಿಂತಿದಾರೆ. ಬಿಚ್ಚಿ ಹಾಕೋ ಮುಂಚೆ ಬಾ."

ಮಗಳು ಎರಡು ಬೀದಿ ಆಚೆ, ಗಂಡನ ಮನೆಯಲ್ಲಿದ್ದಳು. ಅಪ್ಪನ ಹಿಂದೆ ಓಡಾಡಿ ಕೆಲಸ ಕಲಿತು ಹನ್ನೆರಡು ವರ್ಷವಾಗಿತ್ತು. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಕರೆಂಟಕ್ಕ ಅಂತ. ಹತ್ತು ನಿಮಿಷದ ಕೆಲಸ ಅಂದುಕೊಂಡು ತಿಂಡಿಯನ್ನೂ ತಿನ್ನದೆ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು.

ಅವಳ ತಲೆಯಲ್ಲಿ ಆ ದಿನ ಬೇರೆಯೇ ಭಾರ ಇತ್ತು. ಅಪ್ಪ ಮೂವತ್ತೆಂಟು ವರ್ಷ ವೈರಿಂಗ್ ಮಾಡಿದವರು, ಎಲ್ಲರ ಬಾಯಲ್ಲೂ ಮೇಸ್ತ್ರಿ. ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಎಡಗೈ ಸತ್ತ ಹಾಗೆ ಜೋತುಬಿದ್ದಿತ್ತು. ಆಸ್ಪತ್ರೆ, ಔಷಧಿ, ಚೆಂಡು ಹಿಸುಕುವ ವ್ಯಾಯಾಮ ಎಲ್ಲ ಆಗಿ ಕೈ ಮತ್ತೆ ಎದ್ದಿತ್ತು. ಈಗ ದೊಡ್ಡ ಆಸ್ಪತ್ರೆಯೊಂದರ ಹೊಸ ಕಟ್ಟಡದ ವೈರಿಂಗ್ ಹಿಡಿದಿದ್ದ ಕಂಟ್ರಾಕ್ಟರು ಮೇಸ್ತ್ರಿಯನ್ನು ವಾಪಸ್ ಕರೆಯುವ ಯೋಚನೆಯಲ್ಲಿದ್ದರು. ಆದರೆ ಕೇಳಿದ್ದು ಮಗಳನ್ನು.

"ನೋಡಮ್ಮ, ನಿಮ್ಮಪ್ಪ ಬಂದ್ರೆ ನಂಗೆ ಆನೆ ಬಲ. ಆದ್ರೆ ಇದು ಆಸ್ಪತ್ರೆ ಕೆಲ್ಸ, ಹುಡುಗಾಟ ಅಲ್ಲ. ಕೈ ಮೊದಲಿನ ಹಾಗೇ ಇದೆ ಅಂತ ನೀನೊಂದು ಮಾತು ಹೇಳು, ಇನ್ಯಾರನ್ನೂ ನಾನು ಕೇಳಲ್ಲ. ಶನಿವಾರ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ" ಅಂದಿದ್ದರು.

ಇದೆ ಅಂತಲೇ ಹೇಳುವುದು ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಳು. ಐದು ತಿಂಗಳು ಕಿಟಕಿಯ ಪಕ್ಕ ಕೂತು ಬೀದಿಯ ಕಂಬದ ವೈರು ಎಣಿಸುತ್ತಿದ್ದ ಅಪ್ಪ, ಈ ಸುದ್ದಿ ಬಂದಾಗಿನಿಂದ ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುತ್ತಿದ್ದರು. ಸೋಮವಾರಕ್ಕೆಂದು ಎರಡು ಜೊತೆ ಬಟ್ಟೆ ಇಸ್ತ್ರಿಯಾಗಿ ಕುರ್ಚಿಯ ಮೇಲೆ ಕೂತಿತ್ತು. ಅಮ್ಮನಿಗೆ ಮಾತ್ರ ಇದು ಸುತರಾಂ ಇಷ್ಟವಿರಲಿಲ್ಲ. "ಈ ವಯಸ್ಸಲ್ಲಿ ಏಣಿ ಹತ್ತಿ ಯಾರನ್ನ ಉದ್ಧಾರ ಮಾಡ್ಬೇಕಾಗಿದೆ?" ಅಂತ ಗೊಣಗುತ್ತಿದ್ದಳು. ಗೊಣಗುತ್ತಲೇ, ಮೊದಲ ದಿನ ಕೆಲಸದವರಿಗೆಲ್ಲ ಹಂಚಲಿ ಅಂತ ಕೇಕು ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದಳು. ಆ ಕೇಕೇ ಬೇಯುತ್ತಿರಲಿಲ್ಲ.

"ಯಾವುದು ಬೀಳ್ತಿರೋದು?" ಅಂತ ಬಂದವಳೇ ಮಗಳು ಕೇಳಿದಳು.

"ಅಡುಗೆಮನೇದು, ಸೋರೋದನ್ನ ಹಿಡಿಯೋ ಬ್ರೇಕರ್" ಅಂದರು ಅಪ್ಪ. ಡಾಕ್ಟರು ಸ್ಟೂಲು, ಏಣಿ ಹತ್ತಬಾರದು ಅಂದಿದ್ದರಿಂದ ಅವರು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಕೆಂಪು ತಂತೀಲಿ ಹೋದ ಕರೆಂಟು ಕಪ್ಪು ತಂತೀಲಿ ಅಷ್ಟೂ ವಾಪಸ್ ಬರ್ಬೇಕು. ಚೂರು ಹೆಚ್ಚುಕಮ್ಮಿ ಆದ್ರೂ ಬೀಳುತ್ತೆ. ಎಲ್ಲೋ ಸೋರ್ತಿದೆ ಅಂತ ಅರ್ಥ. ಓವನ್ನೇ ಅದು, ನಾನು ಬೆಳಿಗ್ಗೆಯಿಂದ ಹೇಳ್ತಿದೀನಿ."

"ಅಪ್ಪ, ಇದನ್ನ ನನಗೇ ಹೇಳ್ಕೊಡ್ತಿದೀರಾ?"

"ಗೊತ್ತಿದ್ರೆ ಹುಡುಕು ಮತ್ತೆ."

ಹುಡುಕಿದಳು. ಮಿಕ್ಸಿ, ಕೆಟಲ್, ಫ್ರಿಜ್ಜು ಎಲ್ಲದರ ಪ್ಲಗ್ಗು ಕಿತ್ತು ಓವನ್ ಒಂದನ್ನೇ ಹಾಕಿದಳು. ಅಡ್ಡ ಬರಬೇಡ ಅಂತ ಅಮ್ಮನನ್ನು ಹಾಲ್‌ಗೆ ಕಳಿಸಿದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಅರ್ಧ ಗಂಟೆಯಾಯಿತು. ಓವನ್ ಖಾಲಿ ಹೊಟ್ಟೆಯಲ್ಲಿ ಕೆಂಪಗೆ ಕಾದು ಕೂತಿತು. ಬ್ರೇಕರ್ ಕಲ್ಲಿನ ಹಾಗೆ ನಿಂತಿತು.

"ಸರಿಯಾಗಿದೆಯಲ್ಲ!" ಅಂದಳು ಮಗಳು. ಅಮ್ಮ ಒಳಗೆ ಬಂದು ಸೆರಗು ಸಿಕ್ಕಿಸಿ ಹೊಸದಾಗಿ ಹಿಟ್ಟು ಕಲಸಲು ಶುರುಮಾಡಿದಳು. ಐದು ನಿಮಿಷ ಆಗಿರಲಿಲ್ಲ, ಟಕ್ ಅಂತ ಸದ್ದಾಗಿ ಓವನ್ನಿನ ದೀಪ ಆರಿತು.

"ಮಿಕ್ಸಿ ಹಾಕಿದೆಯೇನೇ?" ಅಂತ ಅಪ್ಪ ಕುರ್ಚಿಯಿಂದಲೇ ಕೂಗಿದರು.

"ಕೈಯಲ್ಲಿ ಕಲಸ್ತಿದೀನಿ ರೀ! ನನ್ನ ಕೈಗೂ ವೈರಿಂಗ್ ಮಾಡಿದೀರಾ ಏನು?" ಅಮ್ಮ ಪಕ್ಕದ ಉಗ್ರಾಣದ ಕೋಣೆಯಿಂದ ಸಕ್ಕರೆ ಡಬ್ಬಿ ಹಿಡಿದು ಹೊರಗೆ ಬಂದಳು.

ಕರೆಂಟಕ್ಕ ಓವನ್ನಿನ ಬೆನ್ನು ಬಿಚ್ಚಿದಳು, ಮೀಟರು ಹಿಡಿದು ಅಳೆದಳು. ಕಾಯುವ ಸಾಮಾನು ಅಂದಮೇಲೆ ಚೂರುಪಾರು ಸೋರುವುದು ಇದ್ದದ್ದೇ. ಇದರಲ್ಲೂ ಅಷ್ಟೇ ಇತ್ತು, ಬ್ರೇಕರ್ ಬೀಳುವಷ್ಟಿರಲಿಲ್ಲ. ಮತ್ತೆ ಮುಚ್ಚಿದಳು. ಬ್ರೇಕರೇ ಹಳೆಯದಾಗಿರಬೇಕು ಅಂತ ಚೀಲದಲ್ಲಿದ್ದ ಹೊಸದನ್ನು ತೆಗೆದು ಹಾಕಿದಳು. ಹೊಸದು ಹಳೆಯದಕ್ಕಿಂತ ಚುರುಕು, ಅಮ್ಮ ಮೊಟ್ಟೆ ಒಡೆದು ಉಗ್ರಾಣಕ್ಕೆ ಹೋಗುವಷ್ಟರಲ್ಲಿ ಬಿತ್ತು. ಅಷ್ಟೊತ್ತಿಗೆ ಗಂಟೆ ಹನ್ನೊಂದೂವರೆ. ಅವಳ ಹೊಟ್ಟೆಯಲ್ಲಿ ಒಂದು ಲೋಟ ಕಾಫಿ ಬಿಟ್ಟರೆ ಏನೂ ಇರಲಿಲ್ಲ, ತಲೆ ಚಿಟ್ಟು ಹಿಡಿಯುತ್ತಿತ್ತು.

"ಇದು ಯಾವಾಗಿಂದ ಶುರುವಾಗಿದ್ದು?" ಅಂತ ಕೇಳಿದಳು.

"ಮೂರು ವಾರ" ಅಂದಳು ಅಮ್ಮ.

"ನಾಲ್ಕೈದು ದಿನ" ಅಂದರು ಅಪ್ಪ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ಒಲೆ ಒರೆಸತೊಡಗಿದಳು.

"ಸರಿಯಾಗಿ ಹೇಳಿ. ಹೊಸದೇನಾದ್ರೂ ಹಾಕಿದ್ರಾ ಮನೇಲಿ?"

"ನಾನೇನು ಹಾಕ್ಲಿ? ನಂಗೇನು ಗೊತ್ತಾಗುತ್ತೆ ಇದೆಲ್ಲ? ಕೇಳೋದಾದ್ರೆ ನಿಮ್ಮಪ್ಪನ್ನ ಕೇಳು, ಅಲ್ಲ, ಅವರನ್ನೇನು ಕೇಳ್ತೀಯ, ಅವರು ಕುರ್ಚಿ ಬಿಟ್ಟು ಏಳಲ್ಲ" ಅಂದಳು ಅಮ್ಮ ಒಂದೇ ಉಸಿರಿನಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಮಗಳಿಗೂ ಅನುಮಾನ ಬಂತು, ಆದರೆ ಬಂದದ್ದು ತಪ್ಪು ಅನುಮಾನ. ಅಮ್ಮ ಅಪ್ಪನಿಗೆ ಹೇಳದೆ ಯಾವುದೋ ಹೊಸ ಯಂತ್ರ ಕೊಂಡು ಬಚ್ಚಿಟ್ಟಿದ್ದಾಳೆ ಅಂದುಕೊಂಡು ಒಲೆಯ ಕೆಳಗಿನ ಕಪಾಟುಗಳನ್ನೆಲ್ಲ ಜಾಲಾಡಿದಳು. ಸಿಕ್ಕಿದ್ದು ಹಿಡಿ ಮುರಿದ ಎರಡು ಬಾಣಲೆ, ತನ್ನ ಮದುವೆಯಲ್ಲಿ ಬಂದಿದ್ದ ಇನ್ನೂ ಬಿಚ್ಚದ ಒಂದು ಟೋಸ್ಟರು.

"ಇದನ್ನ ನನಗೆ ಅಂತ ಕೊಟ್ಟಿದ್ದಲ್ವಾ?"

"ನೀನು ಎಲ್ಲಿ ಒಯ್ದೆ?" ಅಂದಳು ಅಮ್ಮ. ಆ ಜಗಳಕ್ಕೆ ಇನ್ನೊಂದು ಕಾಲು ಗಂಟೆ ಹೋಯಿತು.

ಊಟದ ಹೊತ್ತಿಗೆ ಅಪ್ಪ ಲೆಕ್ಕ ಹಾಕಿ ಒಂದು ತೀರ್ಪು ಕೊಟ್ಟರು. "ಪುಟ್ಟಿ, ಒಂದು ಗಮನಿಸಿದೆಯಾ? ನಿಮ್ಮಮ್ಮ ಹೊರಗಿದ್ದಾಗ ಬೀಳಲ್ಲ. ಒಳಗೆ ಕಾಲಿಟ್ಟಳೋ, ಬಿತ್ತು. ಇದು ಅವಳ ಕೈಗುಣ."

ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಡಿದಳು. "ಮೂವತ್ತೈದು ವರ್ಷ ಇದೇ ಕೈಯಲ್ಲಿ ಉಂಡಿರಲ್ಲ, ಆಗ ಎಲ್ಲಿ ಹೋಗಿತ್ತು ಈ ಕೈಗುಣ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಂಡುಹಿಡಿಯೋಕೆ ಬರಲ್ಲ ಅಂತ ಹೇಳಿ, ಬೀದಿ ಕೊನೇಲಿ ಬೇರೆ ಎಲೆಕ್ಟ್ರಿಷಿಯನ್ ಇದಾನೆ, ಕರೀತೀನಿ."

"ನನ್ನ ಮನೇಲಿ ಇನ್ನೊಬ್ಬ ಸ್ಕ್ರೂ ಮುಟ್ಟೋದೇ?"

"ಇಬ್ಬರೂ ಸುಮ್ನಿರ್ತೀರಾ!" ಅಂತ ಮಗಳು ಕಿರುಚಿದಳು. ನಿಜ ಹೇಳಬೇಕೆಂದರೆ ಅಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಅವಳಿಗೆ ಉರಿ ಹತ್ತಿಸಿದ್ದು. ಅಮ್ಮ ಬಂದರೆ ಬೀಳುತ್ತಿತ್ತು. ಹನ್ನೆರಡು ವರ್ಷದ ಅನುಭವ ಇಟ್ಟುಕೊಂಡು, ಸಕ್ಕರೆ ಡಬ್ಬಿ ಹಿಡಿದು ಓಡಾಡುವ ಒಂದು ಹೆಂಗಸಿಗೂ ಬ್ರೇಕರ್‌ಗೂ ಏನು ಸಂಬಂಧ ಅಂತ ಅವಳಿಗೆ ಹೇಳಲು ಬರಲಿಲ್ಲ.

ಕೊನೆಗೆ ಉಳಿದದ್ದು ಗೋಡೆಯೊಳಗಿನ ವೈರು. ಆ ವೈರಿಂಗ್ ಅಪ್ಪನದು, ಮನೆ ಕಟ್ಟಿದಾಗ ಅವರೇ ಎಳೆದದ್ದು. ಅದರ ಮೇಲೆ ಅನುಮಾನ ಪಡುವುದೆಂದರೆ ಆ ಮನೆಯಲ್ಲಿ ದೊಡ್ಡ ಮಾತು, ಅದಕ್ಕೇ ಅವಳು ಇಡೀ ದಿನ ಸುತ್ತಿ ಬಳಸಿ ತಪ್ಪಿಸಿಕೊಂಡಿದ್ದಳು. ಮೂರೂ ಕಾಲಿಗೆ, "ಓವನ್ ಪ್ಲಗ್ ಪಾಯಿಂಟ್ ಬಿಚ್ಚಿ ನೋಡ್ತೀನಪ್ಪ" ಅಂದಳು ಮೆಲ್ಲಗೆ.

"ನೋಡು. ಅಲ್ಲೇನೂ ಇರಲ್ಲ" ಅಂದರು ಅಪ್ಪ. ಈ ಸಲ ಅವರೂ ಕುರ್ಚಿ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ನಿಂತರು.

ಅವಳು ಅಡುಗೆಮನೆಯ ಬ್ರೇಕರ್ ಕೆಳಗಿಳಿಸಿದಳು. ಇಳಿದಿದೆಯೆಂದು ಅಪ್ಪನೂ ನೋಡಿ ತಲೆಯಾಡಿಸಿದರು. ಪ್ಲಗ್ ಪಾಯಿಂಟಿನ ಮುಖ ಬಿಚ್ಚಿ ಎಳೆದು ಟೆಸ್ಟರು ಹಿಡಿದಳು. ಕೆಂಪು ತಂತಿ ಸತ್ತಿತ್ತು, ಕಪ್ಪು ತಂತಿ ಸತ್ತಿತ್ತು. ಎಲ್ಲ ಕ್ರಮಪ್ರಕಾರ, ಅಪ್ಪ ಕಲಿಸಿದ ಹಾಗೆಯೇ. ಆಮೇಲೆ ಕಪ್ಪು ತಂತಿಯ ಸ್ಕ್ರೂ ಸಡಿಲಿಸಿ ಅದರ ತುದಿಯನ್ನು ಬೆರಳಲ್ಲಿ ಹಿಡಿದಳು. ಇನ್ನೊಂದು ಕೈ ಓವನ್ನಿನ ತಗಡಿನ ಮೈ ಮೇಲಿತ್ತು.

ಹೊಡೆಯಿತು.

ಎರಡು ತೋಳಿನ ಮೂಳೆಯನ್ನೂ ಯಾರೋ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಬಾಯಿಂದ ಬಂದ ಸದ್ದು ಅವಳದೇ ಅಂತ ಅವಳಿಗೆ ಗೊತ್ತಾಗಲಿಲ್ಲ. ಕೈ ತಾನಾಗಿ ಕಿತ್ತುಕೊಂಡು ಬಂತು, ಮೊಣಕೈ ಕಲ್ಲಿನ ಕಟ್ಟೆಗೆ ಬಡಿಯಿತು, ಅವಳು ನೆಲದ ಮೇಲೆ ಕೂತುಬಿಟ್ಟಳು.

"ಪುಟ್ಟೀ!" ಅಪ್ಪ ಅವಳ ಭುಜ ಹಿಡಿದರು. "ಉಸಿರಾಡು. ಕೈ ಮಡಚು, ಬಿಚ್ಚು. ನನ್ನ ನೋಡು."

"ಆಫ್ ಇತ್ತಲ್ಲಪ್ಪ" ಅಂದಳು ಅವಳು. ಹಲ್ಲು ಕಟಕಟ ಅನ್ನುತ್ತಿತ್ತು. "ನೀವೂ ನೋಡಿದ್ರಿ. ಆಫ್ ಇತ್ತು."

ಅಪ್ಪ ಬೋರ್ಡಿನ ಕಡೆ ತಿರುಗಿದರು. ಬ್ರೇಕರ್ ಕೆಳಗೇ ಇತ್ತು. ನೆಲದಲ್ಲಿ ಬಿದ್ದಿದ್ದ ಟೆಸ್ಟರು ಎತ್ತಿ ಕಪ್ಪು ತಂತಿಯ ತುದಿಗೆ ಮುಟ್ಟಿಸಿದರು. ಎರಡು ನಿಮಿಷದ ಹಿಂದೆ ಸತ್ತಿದ್ದ ತಂತಿಯಲ್ಲಿ ಟೆಸ್ಟರು ಹೊಳೆಯಿತು. ಅಪ್ಪ ಮಗಳು ಇಬ್ಬರೂ ಅದನ್ನೇ ನೋಡಿದರು. ಬ್ರೇಕರ್ ಇಳಿಸಿದ ಮೇಲೆ ಕಪ್ಪು ತಂತಿಯಲ್ಲಿ ಕರೆಂಟು ಬರಬಾರದು. ಬಂದರೆ ಬೇರೆ ಎಲ್ಲಿಂದಲೋ ತಂದು ಯಾರೋ ಅದಕ್ಕೆ ಸೇರಿಸಿದ್ದಾರೆ ಅಂತ ಇಬ್ಬರಿಗೂ ಗೊತ್ತಿತ್ತು.

"ಈಗ ಮನೇಲಿ ಯಾರು ಯಾವ ಸ್ವಿಚ್ ಹಾಕಿದ್ದು?" ಅಂದರು ಅಪ್ಪ. ದನಿ ತೀರಾ ಸಣ್ಣದಾಗಿತ್ತು.

ಅಮ್ಮ ಉಗ್ರಾಣದ ಬಾಗಿಲಲ್ಲಿ ಗಾಬರಿಯಾಗಿ ನಿಂತಿದ್ದಳು. "ನಾನು ಒರೆಸೋ ಬಟ್ಟೆ ತಗೊಳ್ಳೋಣ ಅಂತ... ಲೈಟು ಹಾಕ್ದೆ, ಹತ್ತಲೇ ಇಲ್ಲ ರೀ."

"ಯಾವ ಲೈಟು?" ಅಂತ ಕೇಳಿದಳು ಮಗಳು. ಅವಳಿಗೆ ತಿಳಿದ ಮಟ್ಟಿಗೆ ಆ ಉಗ್ರಾಣದಲ್ಲಿ ಹುಟ್ಟಿದಾಗಿನಿಂದ ಲೈಟೇ ಇರಲಿಲ್ಲ. ಟಾರ್ಚು ಹಿಡಿದು ಹೋಗಬೇಕಿತ್ತು.

ಅವಳೇ ಎದ್ದು ಹೋಗಿ ನೋಡಿದಳು. ಮೇಲಿನ ಹಲಗೆಯ ಮರೆಯಲ್ಲಿ ಬೆರಳುದ್ದದ ಒಂದು ಸಣ್ಣ ಬಲ್ಬು, ಬಾಗಿಲ ಪಕ್ಕ ಹೊಸ ಸ್ವಿಚ್ಚು. ಅದನ್ನು ಆರಿಸಿ, ಮನೆಯ ಮೇನ್ ಇಳಿಸಿ, ಸ್ಟೂಲು ಹತ್ತಿ ಬಾಗಿಲ ಮೇಲೆ ತಂತಿಗಳೆಲ್ಲ ಕೂಡುವ ಜಂಕ್ಷನ್ ಬಾಕ್ಸು ತೆರೆದಳು. ತಾನು ತೆರೆದ ಬಾಕ್ಸಿನೊಳಗೆ ಟೇಪಿನ ಚೂರು ಅಂಟಿಸಿ ತಾರೀಕು ಬರೆಯುವುದು ಅಪ್ಪನ ರೂಢಿ. ಒಳಗೆ ಹೊಸ ಟೇಪಿತ್ತು. ಮೂರು ವಾರದ ಹಿಂದಿನ ತಾರೀಕು. ಬಲ್ಬಿನ ಕೆಂಪು ತಂತಿ ಸರಿಯಾಗಿ, ಬೇರೆ ಬ್ರೇಕರಿನಿಂದ ಬರುವ ಮನೆಯ ಲೈಟುಗಳ ಕೆಂಪಿಗೇ ಸೇರಿತ್ತು. ಕಪ್ಪು ಮಾತ್ರ ಆ ಲೈಟುಗಳ ಕಪ್ಪಿಗೆ ಸೇರದೆ ಅಡುಗೆಮನೆಯ ಕಪ್ಪಿಗೆ ಸೇರಿತ್ತು. ಬಲ್ಬು ಹತ್ತಿದಾಗೆಲ್ಲ ಅಡುಗೆಮನೆಯ ಬ್ರೇಕರ್ ಲೆಕ್ಕ ತಪ್ಪುತ್ತಿತ್ತು. ಬಲ್ಬೊಂದೇ ಆದರೆ ತಡೆದುಕೊಳ್ಳುತ್ತಿತ್ತು, ಓವನ್ನಿನ ಭಾರವೂ ಜೊತೆಗೆ ಸೇರಿದರೆ ಬೀಳುತ್ತಿತ್ತು. ಮತ್ತೆ ಬ್ರೇಕರ್ ಇಳಿಸಿ ಕೆಲಸಕ್ಕೆ ಕೂತವರಿಗೆ, ಆ ಬಲ್ಬಿನ ಮೂಲಕ ಕರೆಂಟು ಹಿಂದಿನ ಬಾಗಿಲಿಂದ ಬಂದು ಹೊಡೆಯುತ್ತಿತ್ತು.

"ನನಗೋಸ್ಕರ ಹಾಕಿದ್ದು ಕಣೇ" ಅಂದಳು ಅಮ್ಮ ಕೆಳಗಿನಿಂದ. "ಕತ್ತಲೇಲಿ ಎಡವಿ ಬಿದ್ದಿದ್ದೆ. ಸ್ಟೂಲು ಹತ್ತಿದ್ದು ನಿನಗೆ ಗೊತ್ತಾದ್ರೆ ಬೈತೀಯ ಅಂತ ನಾವಿಬ್ಬರೂ ಹೇಳ್ಲಿಲ್ಲ."

ಮಗಳಿಗೆ ಬಂದ ಸಿಟ್ಟಿಗೆ ಇಬ್ಬರನ್ನೂ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಬೆಳಿಗ್ಗೆ ಒಂಬತ್ತಕ್ಕೆ ಒಂದು ಮಾತು ಹೇಳಿದ್ದರೆ ಒಂಬತ್ತೂ ಹತ್ತಕ್ಕೆ ಕೆಲಸ ಮುಗಿಯುತ್ತಿತ್ತು! ಆದರೆ ಕೆಳಗೆ ನಿಂತಿದ್ದ ಅಪ್ಪನ ಮುಖ ನೋಡಿ ಬೈಗುಳ ಬಾಯಲ್ಲೇ ಉಳಿಯಿತು.

"ಹೋಗ್ಲಿ ಬಿಡಿ ಅಪ್ಪ. ಇಲ್ಲಿ ನಾಲ್ಕೂ ಕಪ್ಪು ತಂತೀನೇ. ಯಾರಿಗಾದ್ರೂ ತಪ್ಪುತ್ತೆ."

"ಯಾರಿಗಾದ್ರೂ ತಪ್ಪಬಹುದು. ನನಗೆ ತಪ್ಪಬಾರದು" ಅಂದರು ಅಪ್ಪ. "ನಾನು ಹೇಗೆ ಹುಡುಕ್ತೀನಿ ಅಂತ ನಿನಗೆ ಗೊತ್ತಲ್ಲ."

ಗೊತ್ತಿತ್ತು. ಒಂದೇ ಬಣ್ಣದ ತಂತಿಗಳಲ್ಲಿ ಯಾವುದು ಯಾವುದರ ತುದಿ ಅಂತ ನೋಡಲು ಎಲ್ಲರೂ ಮೀಟರು ಹಿಡಿಯುತ್ತಾರೆ. ಮೇಸ್ತ್ರಿ ಹಿಡಿಯುತ್ತಿರಲಿಲ್ಲ. ಗೋಡೆಯ ಈ ಕಡೆಯ ಬಾಕ್ಸಿನಲ್ಲಿ ಬಲಗೈಯಿಂದ ಒಂದು ತಂತಿ ಮೆಲ್ಲಗೆ ಎಳೆಯುತ್ತಿದ್ದರು, ಆ ಕಡೆಯ ಬಾಕ್ಸಿನಲ್ಲಿ ಎಡಗೈ ಬೆರಳ ನಡುವೆ ಯಾವುದು ಅಲುಗಿತೋ ಅದೇ. ಕಣ್ಣು ಮುಚ್ಚಿ ಮಾಡುತ್ತಿದ್ದರು. ಅದನ್ನು ನೋಡಲೆಂದೇ ಬೇರೆ ಕೆಲಸಗಾರರು ಕೆಲಸ ಬಿಟ್ಟು ಬರುತ್ತಿದ್ದರು.

"ಎಳೆದೆ" ಅಂದರು ಅಪ್ಪ. "ಈ ಬೆರಳಲ್ಲಿ ಅಲುಗಿತು ಅಂದ್ಕೊಂಡೆ. ಅಲುಗಿರಲಿಲ್ಲ. ಈ ಎರಡು ಬೆರಳಿಗೆ ಏನು ಮುಟ್ಟಿದ್ರೂ ಗೊತ್ತಾಗಲ್ಲ ಪುಟ್ಟಿ. ಐದು ತಿಂಗಳಿಂದ ಗೊತ್ತಾಗಲ್ಲ. ಡಾಕ್ಟರಿಗೂ ಹೇಳಿಲ್ಲ."

ಅವಳು ಸ್ಟೂಲಿನ ಮೇಲೆಯೇ ನಿಂತಿದ್ದಳು. ಸ್ಕ್ರೂಡ್ರೈವರು ಕೈಯಲ್ಲೇ ಇತ್ತು. ಆಗ ಫೋನು ರಿಂಗಾಯಿತು. ನಾಲ್ಕು ಗಂಟೆ.

ಅಮ್ಮ ಓಡಿಬಂದು ಅವಳ ಕಾಲು ಹಿಡಿದುಕೊಂಡಳು. ತಿಂಗಳಿಂದ ಬೇಡ ಬೇಡ ಅಂತ ಪ್ರಾಣ ತಿಂದವಳು ಅವಳೇ. "ಕೈ ಚೆನ್ನಾಗಿದೆ ಅಂತ ಹೇಳೇ" ಅಂದಳು. "ನಿನ್ನ ದಮ್ಮಯ್ಯ. ಈ ಮನುಷ್ಯ ಇನ್ನು ಮನೇಲಿ ಕೂತ್ರೆ ಉಳಿಯಲ್ಲ ಕಣೇ. ಮೀಟರು ಹಿಡ್ಕೊಂಡು ಮಾಡ್ತಾರೆ, ನಾನು ಹೇಳ್ತೀನಿ, ಮೀಟರು ಹಿಡ್ಕೊಂಡೇ ಮಾಡ್ತಾರೆ."

ಅಪ್ಪ ಗೋಡೆಗೆ ಒರಗಿ ನಿಂತು ಮಗಳನ್ನೇ ನೋಡಿದರು. ಹೇಳು ಅಂತಲೂ ಇರಲಿಲ್ಲ ಆ ನೋಟದಲ್ಲಿ, ಬೇಡ ಅಂತಲೂ ಇರಲಿಲ್ಲ.

ಅವಳು ಫೋನ್ ಎತ್ತಿದಳು. ಕಂಟ್ರಾಕ್ಟರು ಕ್ಷೇಮ ವಿಚಾರಿಸಿದರು, ಸೋಮವಾರ ಎಂಟು ಗಂಟೆಗೆ ಗಾಡಿ ಕಳಿಸಲೇ ಅಂತ ಕೇಳಿದರು. ಬೆಳಿಗ್ಗೆಯಿಂದ ಸಿದ್ಧವಾಗಿದ್ದ ಒಂದು ಮಾತು ನಾಲಿಗೆಯ ಮೇಲೆಯೇ ಇತ್ತು. ತೋಳು ಇನ್ನೂ ಜುಮ್ಮೆನ್ನುತ್ತಿತ್ತು. ಆಸ್ಪತ್ರೆಯ ಯಾವುದೋ ಕೋಣೆಯಲ್ಲಿ ಯಾರೋ ಒಬ್ಬ ಕೆಲಸಗಾರ ಬ್ರೇಕರ್ ಇಳಿಸಿ, ಟೆಸ್ಟರು ಹಿಡಿದು ನೋಡಿ, ಮೇಸ್ತ್ರಿ ಮಾಡಿದ ಕೆಲಸ ಅಂತ ನಂಬಿ ಕಪ್ಪು ತಂತಿಗೆ ಕೈ ಹಾಕುತ್ತಾನೆ.

"ಬೇಡ ಸಾರ್" ಅಂದಳು. "ಗಾಡಿ ಕಳಿಸಬೇಡಿ. ಅಪ್ಪನ ಕೈ ಮೊದಲಿನ ಹಾಗಿಲ್ಲ."

ಆ ಕಡೆಯಿಂದ ಏನೋ ಸಮಾಧಾನದ ಮಾತು ಬಂತು. ಹೂಂ, ಹೂಂ ಅಂತ ಕೇಳಿ ಇಟ್ಟಳು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಮಗಳು ಸ್ಟೂಲಿಂದ ಇಳಿದು ಅಪ್ಪನ ಎದುರು ನಿಂತಳು. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಅಂತ ತಲೆ ತಗ್ಗಿಸಿಕೊಂಡು ನಿಂತಳು.

"ಆಗ ನಿನಗೆ ಹೊಡೀತಲ್ಲ, ಜೋರಾಗಿತ್ತಾ?" ಅಂತ ಕೇಳಿದರು ಅಪ್ಪ.

"ಇಲ್ಲಪ್ಪ. ಸುಮ್ನೆ ಚುರ್ ಅಂತು."

"ಅವರಿಗೆ ನಿಜ ಹೇಳ್ದೆ. ನನಗೂ ನಿಜ ಹೇಳು."

"ಜೋರಾಗೇ ಇತ್ತು" ಅಂದಳು. "ಸತ್ತೇಹೋದೆ ಅಂದ್ಕೊಂಡೆ."

ಅಪ್ಪ ಅವಳ ಬಲಗೈ ಎತ್ತಿಕೊಂಡು ಅಂಗೈ ಮೇಲೆ ಮಾಡಿ, ತನ್ನ ಹೆಬ್ಬೆರಳಿಂದ ಒಂದೊಂದು ಬೆರಳನ್ನೂ ಒತ್ತಿ ನೋಡಿದರು. ಗೊತ್ತಾಗ್ತಿದೆಯಾ, ಗೊತ್ತಾಗ್ತಿದೆಯಾ ಅಂತ ಪ್ರತಿ ಬೆರಳಿಗೂ ಕೇಳಿದರು. ಐದಕ್ಕೂ ಅವಳು ಹೂಂ ಅಂದಳು. ಮೂವತ್ತೆಂಟು ವರ್ಷದಲ್ಲಿ ತಾನು ಮುಟ್ಟಿದ ವೈರಿನಿಂದ ಒಬ್ಬರಿಗೂ ಒಂದು ಶಾಕ್ ಹೊಡೆಸದಿದ್ದ ಮೇಸ್ತ್ರಿ, ಮಗಳ ಆ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರು.